ಊರು ಬಿಡುವವರ ಬಾಡಿಗೆ ಯಾರ ಲೆಕ್ಕಕ್ಕೆ?

ಮಲಪ್ರಭೆಯ ದಂಡೆಯ ಹಳ್ಳಿಗಳಲ್ಲಿ ನೆರೆಯ ಸುದ್ದಿ ಬಂದ ಕೂಡಲೇ ಜನ ಹುಡುಕುವುದು ದೋಣಿಯನ್ನಲ್ಲ, ಟ್ರ್ಯಾಕ್ಟರನ್ನು. ದೋಣಿ ಬರುವುದು ನೀರು ಊರನ್ನು ಸುತ್ತುವರಿದ ಮೇಲೆ, ಜೀವ ಉಳಿಸುವುದಕ್ಕೆ. ಅದಕ್ಕೂ ಮೊದಲು ಬದುಕನ್ನು ಉಳಿಸಬೇಕಾದದ್ದು ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ರೇಲರ್. ಜೋಳದ ಚೀಲ, ಹಾಸಿಗೆ, ಟ್ರಂಕು, ಗ್ಯಾಸ್ ಸಿಲಿಂಡರ್, ಮಕ್ಕಳ ಪುಸ್ತಕ, ಜಗುಲಿಯ ಮೇಲಿನ ದೇವರು ಎಲ್ಲವೂ ಒಂದು ತಾಡಪತ್ರಿಯ ಅಡಿಯಲ್ಲಿ ಸೇರಬೇಕು. ಅದರ ಮೇಲೆ ಮನೆಯ ಹಿರಿಯರು ಕೊಡೆ ಹಿಡಿದು ಕೂರಬೇಕು. ದನಕರುಗಳು ಹಿಂದೆ ನಡೆದು ಬರಬೇಕು. ದೂರ ಕೆಲವೇ ಕಿಲೋಮೀಟರ್ ಆದರೂ ಹಾದಿ ಸಾಗುವುದಿಲ್ಲ.

ನರಗುಂದ ಮತ್ತು ರೋಣ ತಾಲ್ಲೂಕುಗಳ ನದಿತೀರದ ಜನ ಹತ್ತು ವರ್ಷಗಳ ಅಂತರದಲ್ಲಿ ಎರಡು ಬಾರಿ ದೊಡ್ಡ ಪ್ರಮಾಣದಲ್ಲಿ ಹೀಗೆ ಊರು ಬಿಟ್ಟಿದ್ದಾರೆ. ಮೊದಲನೆಯದು 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆ. ಉತ್ತರ ಕರ್ನಾಟಕದ ಬಹುಭಾಗವನ್ನು ಮುಳುಗಿಸಿದ ಆ ವಿಪತ್ತಿನಲ್ಲಿ ರಾಜ್ಯದ 200ಕ್ಕೂ ಹೆಚ್ಚು ಜನ ಸತ್ತರು. ಎರಡನೆಯದು 2019ರ ಆಗಸ್ಟ್‌ನ ನೆರೆ. ಆಗ ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿ ಮೊದಲಾದ ಹೆಸರುಗಳು ದಿನವೂ ಪತ್ರಿಕೆಗಳಲ್ಲಿ ಕಾಣಿಸಿಕೊಂಡವು. ಕೊಣ್ಣೂರಿನ ಬಳಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಸಂಚಾರವೇ ನಿಂತುಹೋಯಿತು. ರಾಷ್ಟ್ರೀಯ ಹೆದ್ದಾರಿಯ ಗತಿಯೇ ಹೀಗಾದರೆ ಹೊಲದ ನಡುವಿನ ರಸ್ತೆಗಳ ಸ್ಥಿತಿಯನ್ನು ಊಹಿಸಬಹುದು.

ಈ ಸೀಮೆಗೆ ನೀರು ಎರಡು ದಾರಿಗಳಿಂದ ಬರುತ್ತದೆ. ಒಂದು ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ. ಜಲಾಶಯ ತುಂಬದ ವರ್ಷಗಳಲ್ಲಿ ಕೆಳಗಿನ ನದಿಪಾತ್ರ ಬಹುತೇಕ ಒಣಗಿರುತ್ತದೆ. ನೀರಿಲ್ಲದ ಪಾತ್ರದಲ್ಲಿ ಜಾಲಿ ಬೆಳೆದಿದೆ, ಹೊಲಗಳು ಒಳಕ್ಕೆ ಸರಿದಿವೆ, ನದಿಯ ಅಗಲ ಕುಗ್ಗಿದೆ. ಸಹ್ಯಾದ್ರಿಯ ಸೆರಗಿನಲ್ಲಿ ಬಿರುಮಳೆ ಸುರಿದು ಜಲಾಶಯದ ಬಾಗಿಲು ತೆರೆದಾಗ ಬರುವ ನೀರಿಗೆ ಹರಿಯಲು ಜಾಗ ಸಾಲದೆ ಊರಿಗೆ ನುಗ್ಗುತ್ತದೆ. ಇನ್ನೊಂದು ಬೆಣ್ಣೆಹಳ್ಳ. ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು ರೋಣ ತಾಲ್ಲೂಕಿನ ಮೆಣಸಗಿಯ ಬಳಿ ಮಲಪ್ರಭೆಯನ್ನು ಸೇರುವ ಹಳ್ಳ ಇದು. ಹೆಸರಿನಲ್ಲಿ ಬೆಣ್ಣೆ, ತುಪ್ಪ ಇದ್ದರೂ ಇವುಗಳ ಸ್ವಭಾವದಲ್ಲಿ ಮೃದುತ್ವವಿಲ್ಲ. ಅಣೆಕಟ್ಟಿನಿಂದ ಬಿಡುವ ನೀರಿಗೆ ಕೆಲವು ಗಂಟೆಗಳ ಮುನ್ಸೂಚನೆಯಾದರೂ ಇರುತ್ತದೆ. ಮೇಲ್ಭಾಗದಲ್ಲಿ ಸುರಿದ ಮಳೆಗೆ ರಾತ್ರೋರಾತ್ರಿ ಉಕ್ಕುವ ಹಳ್ಳಕ್ಕೆ ಅದೂ ಇಲ್ಲ.

ಈ ಕೆಲವು ಗಂಟೆಗಳಲ್ಲಿ ಯಾರ ಮನೆಯ ಸಾಮಾನು ಮೊದಲು ಹೊರಡುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಟ್ರ್ಯಾಕ್ಟರ್ ಇದ್ದವರು ಸಹಜವಾಗಿಯೇ ಮೊದಲು ತಮ್ಮ ಮನೆಯನ್ನು ಖಾಲಿ ಮಾಡುತ್ತಾರೆ. ಬಳಿಕ ಅಣ್ಣತಮ್ಮಂದಿರದು, ಬೀಗರದು, ನೆರೆಮನೆಯವರದು. ಬಾಡಿಗೆ ಕೊಟ್ಟು ಟ್ರೇಲರ್ ಹಿಡಿಯಬೇಕಾದ ಕೂಲಿಕಾರನ ಸರದಿ ಬರುವ ಹೊತ್ತಿಗೆ ರಸ್ತೆಯ ಮೇಲೆ ನೀರು ಏರಿರುತ್ತದೆ. ಆಪತ್ಕಾಲದಲ್ಲಿ ಒಂದು ಪೈಸೆ ಮುಟ್ಟದೆ ಇಡೀ ಓಣಿಯನ್ನು ಸಾಗಿಸುವ ಟ್ರ್ಯಾಕ್ಟರ್ ಮಾಲೀಕರು ಈ ಸೀಮೆಯಲ್ಲಿ ಇದ್ದಾರೆ; ಅವರನ್ನು ಸ್ಮರಿಸಲೇಬೇಕು. ಆದರೆ ಒಬ್ಬರ ಔದಾರ್ಯದ ಮೇಲೆ ಇಡೀ ಊರಿನ ಸುರಕ್ಷತೆ ನಿಲ್ಲಬಾರದು. ಡೀಸೆಲ್ ಯಾರ ಮನೆಯಲ್ಲೂ ಪುಕ್ಕಟೆ ಸಿಗುವುದಿಲ್ಲ.

ನೆಲದ ಗುಣವನ್ನೂ ಮರೆಯುವಂತಿಲ್ಲ. ಇದು ಎರೆಮಣ್ಣಿನ ನಾಡು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಗಾಲಿಗೆ ಅಂಟಿ ಸುತ್ತಿಕೊಳ್ಳುತ್ತದೆ. ಹಿಂಗಾರಿನ ಜೋಳ, ಕಡಲೆಗೆ ತೇವ ಕಾಪಾಡುವ ಇದೇ ಗುಣ, ಊರು ಬಿಟ್ಟು ಹೊರಟವರಿಗೆ ಶಾಪವಾಗುತ್ತದೆ. ತುಂಬಿದ ಟ್ರೇಲರ್ ಒಮ್ಮೆ ಹೂತರೆ ಇನ್ನೊಂದು ಟ್ರ್ಯಾಕ್ಟರ್ ತಂದು ಎಳೆಯಬೇಕು. ಬಹುಪಾಲು ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ, ಹಳ್ಳದ ದಂಡೆಯಲ್ಲಿ ಹಿಂದಿನ ಭಾರವೇ ಮುಂದಿನ ಎಂಜಿನನ್ನು ತಳ್ಳುತ್ತದೆ. ಟ್ರೇಲರ್ ಇರುವುದು ಸರಕಿಗೆ, ಜನರಿಗಲ್ಲ. ಅದರಲ್ಲಿ ಕುಳಿತವರಿಗೆ ಅಪಘಾತವಾದರೆ ವಿಮೆಯ ಹಣ ಕೈಸೇರುವುದು ಕಷ್ಟ. ಹೀಗಾಗಿ ಜೀವ ಉಳಿಸಿಕೊಳ್ಳಲು ಏರಿದ ವಾಹನದಲ್ಲಿಯೇ ಜೀವಕ್ಕೆ ಭದ್ರತೆಯಿಲ್ಲ.

ರೋಣದ ಪೂರ್ವಕ್ಕಿರುವ ಗಜೇಂದ್ರಗಡದ ಗುಡ್ಡಗಳ ಕಡೆ ನದಿಯ ಭಯವಿಲ್ಲ. ಅಲ್ಲಿನ ಹಳ್ಳಿ, ತಾಂಡಾಗಳ ಜನ ಊರು ಬಿಡುವುದು ನೀರು ಹೆಚ್ಚಾಗಿ ಅಲ್ಲ, ಇಲ್ಲವಾಗಿ. ಗೋವಾ, ಮಂಗಳೂರು, ಉಡುಪಿಗಳಿಗೆ ಗುಳೆ ಹೋಗುವ ಕುಟುಂಬಗಳೂ ಪಾತ್ರೆ, ಹಾಸಿಗೆ, ಕೂಸುಗಳನ್ನು ಬಾಡಿಗೆ ವಾಹನಗಳಲ್ಲಿಯೇ ತುಂಬಿಕೊಂಡು ಹೊರಡುತ್ತವೆ. ಒಂದೇ ಜಿಲ್ಲೆಯ ಒಂದು ಅಂಚಿನಲ್ಲಿ ಬರ, ಇನ್ನೊಂದು ಅಂಚಿನಲ್ಲಿ ನೆರೆ ಜನರನ್ನು ಮನೆಯಿಂದ ಎಬ್ಬಿಸುತ್ತಿವೆ. ಎರಡೂ ಕಡೆ ಸಾಗಾಟದ ವೆಚ್ಚ ಬಡವರ ಹೆಗಲಿಗೇ ಬೀಳುತ್ತದೆ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲಾಗದು. 2009ರ ನಂತರ ‘ಆಸರೆ’ ಯೋಜನೆಯಡಿ ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ನವಗ್ರಾಮಗಳು ಎದ್ದವು. 2019ರಲ್ಲಿ ನೀರು ನುಗ್ಗಿದ ಮನೆಗಳಿಗೆ ತುರ್ತು ಪರಿಹಾರವಾಗಿ 10,000 ರೂಪಾಯಿ, ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಆದರೂ ನವಗ್ರಾಮದಲ್ಲಿ ಮನೆ ಇದ್ದ ಅನೇಕರು ಹಳೆಯ ಊರಿನಲ್ಲಿಯೇ ಉಳಿದಿದ್ದರು. ಎರಡನೇ ನೆರೆ ಬಂದಾಗ ಮತ್ತೆ ಟ್ರೇಲರ್ ಹುಡುಕಿದರು. ಇದನ್ನು ಜನರ ಹಟವೆಂದು ತಳ್ಳಿಹಾಕುವುದು ಸುಲಭ. ಎತ್ತು, ಎಮ್ಮೆ ಕಟ್ಟಲು ಜಾಗವಿಲ್ಲದ, ಹೊಟ್ಟು–ಮೇವು ಒಟ್ಟಲು ಹಿತ್ತಿಲಿಲ್ಲದ, ಹೊಲಕ್ಕೆ ದೂರವಾದ ಎರಡು ಕೋಣೆಗಳ ಮನೆ ಒಕ್ಕಲುತನದ ಕುಟುಂಬಕ್ಕೆ ಮನೆಯಾಗುವುದು ಹೇಗೆ? ಸ್ಥಳಾಂತರ ಎಂದರೆ ಗೋಡೆ ಕಟ್ಟಿ ಬೀಗದ ಕೈ ಕೊಡುವುದು ಎಂದು ಆಡಳಿತ ತಿಳಿಯಿತು. ಅದು ದನ, ಕಾಳು, ಕಸುಬು, ನೆರೆಹೊರೆ ಎಲ್ಲವನ್ನೂ ಸಾಗಿಸುವ ಕೆಲಸ ಎಂಬುದು ಮರೆತುಹೋಯಿತು.

ಪರಿಹಾರದ ಲೆಕ್ಕವೂ ಅಷ್ಟೇ. ಬಟ್ಟೆ, ಪಾತ್ರೆ, ಗೋಡೆ, ಬೆಳೆ ಹೀಗೆ ಕಳೆದುಹೋದದ್ದಕ್ಕೆ ಅಲ್ಲಿ ಕಲಂಗಳಿವೆ. ಸಾಲ ಮಾಡಿ ಟ್ರೇಲರ್ ಹಿಡಿದು, ಜೋಳದ ಚೀಲಗಳನ್ನು ಉಳಿಸಿಕೊಂಡವನ ಖರ್ಚಿಗೆ ಪ್ರತ್ಯೇಕ ಕಲಂ ಇಲ್ಲ. ನಷ್ಟವನ್ನು ಅಳೆಯುವ ವ್ಯವಸ್ಥೆ ನಷ್ಟ ತಪ್ಪಿಸಿದ ಶ್ರಮವನ್ನು ಗುರುತಿಸುವುದಿಲ್ಲ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಂ, ರಕ್ಷಣಾ ಕಾರ್ಯಕ್ಕೆ ಖಾಸಗಿ ವಾಹನಗಳನ್ನು ವಶಕ್ಕೆ ಪಡೆಯುವ ಅಧಿಕಾರವನ್ನು ಜಿಲ್ಲಾ ಪ್ರಾಧಿಕಾರಕ್ಕೆ ನೀಡಿದೆ. ಹಾಗೆ ಪಡೆದ ವಾಹನಕ್ಕೆ ಹಣ ಸಂದಾಯವಾಗಬೇಕೆಂದು 66ನೇ ಕಲಂ ಹೇಳುತ್ತದೆ. ಚುನಾವಣೆ ಬಂದಾಗ ಮತಪೆಟ್ಟಿಗೆ ಸಾಗಿಸಲು ವಾಹನಗಳ ಪಟ್ಟಿ ಮಾಡಿ, ದರ ಗೊತ್ತುಮಾಡಿ, ಇಂಥ ದಿನ ಇಂಥಲ್ಲಿ ಹಾಜರಾಗಬೇಕೆಂದು ಆದೇಶಿಸುವ ಆಡಳಿತಕ್ಕೆ ಈ ಕೆಲಸ ಹೊಸದೇನಲ್ಲ.

ಪ್ರತಿವರ್ಷ ಮೇ ತಿಂಗಳೊಳಗೆ ನದಿತೀರದ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಟ್ರ್ಯಾಕ್ಟರ್–ಟ್ರೇಲರ್‌ಗಳ ಪಟ್ಟಿ ಸಿದ್ಧವಾಗಲಿ. ಪ್ರತಿ ಸುತ್ತಿನ ದರ ಮೊದಲೇ ನಿಗದಿಯಾಗಿ, ತಹಶೀಲ್ದಾರರ ಕಚೇರಿಯಿಂದ ಮಾಲೀಕರಿಗೆ ನೇರವಾಗಿ ಪಾವತಿಯಾಗಲಿ. ಸ್ವಂತ ವಾಹನವಿಲ್ಲದವರ, ಒಂಟಿ ಹೆಂಗಸರ, ವೃದ್ಧರ ಮನೆಗಳ ಸರದಿ ಪಟ್ಟಿಯಲ್ಲಿ ಮೊದಲು ಬರಲಿ. ಸರಕು ಟ್ರೇಲರ್‌ನಲ್ಲಿ, ಜನ ಬಸ್ಸಿನಲ್ಲಿ ಎಂಬ ನಿಯಮ ಜಾರಿಗೆ ಬರಲಿ. ಕಾಳು, ಮೇವು ಇಡಲು ಎತ್ತರದ ಜಾಗದಲ್ಲಿ ಉಗ್ರಾಣ, ಊರಿನಿಂದ ನವಗ್ರಾಮಕ್ಕೆ ಮಳೆಗಾಲದಲ್ಲೂ ಗಾಲಿ ಹೂಳದ ಗಟ್ಟಿ ರಸ್ತೆ ಆಗಲಿ. ಜಲಾಶಯದಿಂದ ಇಷ್ಟು ಕ್ಯೂಸೆಕ್ ನೀರು ಬಿಡಲಾಗಿದೆ ಎಂಬ ಪ್ರಕಟಣೆಯಿಂದ ರೈತನಿಗೆ ಏನೂ ತಿಳಿಯದು. ಆ ನೀರು ನಿಮ್ಮ ಊರಿನ ಸೇತುವೆಯನ್ನು ಎಷ್ಟು ಗಂಟೆಗೆ ಮುಟ್ಟುತ್ತದೆ ಎಂದು ಡಂಗುರ ಸಾರಿದರೆ ಅವನು ಎತ್ತು ಬಿಚ್ಚುತ್ತಾನೆ.

ಮಲಪ್ರಭೆ ಮತ್ತೆ ಉಕ್ಕುವುದಿಲ್ಲವೆಂದು ಭರವಸೆ ಕೊಡುವವರು ಯಾರೂ ಇಲ್ಲ. ಆದರೆ ಅವಳು ಉಕ್ಕಿದ ದಿನ ಊರಿನ ಕೊನೆಯ ಮನೆಯ ಮುಂದೆಯೂ ಒಂದು ಟ್ರೇಲರ್ ನಿಂತಿರುತ್ತದೆ, ಅದರ ಬಾಡಿಗೆಯ ಚಿಂತೆ ಆ ಮನೆಯವರಿಗೆ ಇರುವುದಿಲ್ಲ ಎಂಬ ಭರವಸೆಯನ್ನು ಜಿಲ್ಲಾಡಳಿತ ಕೊಡಬಹುದು. ಅದಕ್ಕೆ ಬೇಕಾದ ವಾಹನ ಊರಿನಲ್ಲಿಯೇ ಇದೆ, ಅಧಿಕಾರ ಕಾಯ್ದೆಯಲ್ಲಿ ಇದೆ. ಎರಡನ್ನೂ ಮಳೆಗಾಲಕ್ಕೆ ಮುನ್ನ ಕೂಡಿಸುವ ಕೆಲಸವಷ್ಟೇ ಬಾಕಿ.