ಮಗುವಿನ ಕುತ್ತಿಗೆ ನಿಂತಿದೆಯೇ?



4 ತಿಂಗಳಾದರೂ ಮಗುವಿನ ಕುತ್ತಿಗೆ ನಿಲ್ಲದಿದ್ದರೆ, 9 ತಿಂಗಳಾದರೂ ಕೂರದಿದ್ದರೆ, ಕೈಕಾಲು ಸೆಟೆದುಕೊಂಡಿದ್ದರೆ ‘ತಾನಾಗಿ ಸರಿಹೋಗುತ್ತದೆ’ ಎಂದು ಕಾಯಬೇಡಿ. ಅದು ಸೆರೆಬ್ರಲ್ ಪಾಲ್ಸಿ ಇರಬಹುದು.

ಹುಟ್ಟುವ ಮೊದಲೋ, ಹೆರಿಗೆಯಲ್ಲೋ, ಹಸುಗೂಸಾಗಿದ್ದಾಗಲೋ ಮೆದುಳಿಗಾದ ಪೆಟ್ಟು ಇದಕ್ಕೆ ಕಾರಣ. ದಿನ ತುಂಬದ ಹೆರಿಗೆ, ತೀವ್ರ ಕಾಮಾಲೆ, ಮೆದುಳು ಜ್ವರಗಳಿಂದಲೂ ಬರಬಹುದು. ಇದು ಅಂಟುರೋಗವಲ್ಲ, ಶಾಪವಲ್ಲ, ತಾಯಿಯನ್ನು ದೂರಬೇಡಿ.

ಆದ ಪೆಟ್ಟು ಹೆಚ್ಚುವುದಿಲ್ಲ, ಪೂರ್ತಿ ಮಾಯುವುದೂ ಇಲ್ಲ. ಆದರೆ ಹದ ತಪ್ಪಿದ ಬಿತ್ತನೆಯಂತೆ, ವ್ಯಾಯಾಮ ತಡವಾದರೆ ಕೀಲುಗಳು ಬಿಗಿಯುತ್ತವೆ. ಸೋಮನೂರಿನವರು ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿ. ಕಲಿಸಿದ ವ್ಯಾಯಾಮವನ್ನು ಮನೆಯಲ್ಲಿ ದಿನವೂ ಮಾಡಿಸಿ. ಮಲಗಿಸಿ ಉಣಿಸಬೇಡಿ, ಕೂರಿಸಿಕೊಂಡು ಉಣಿಸಿ.

ಹೊಲಕ್ಕೆ ಹೋಗುವಾಗ ಮಗುವನ್ನು ಮೂಲೆಯಲ್ಲಿ ಮಲಗಿಸಿಬಿಡಬೇಡಿ. ಮಾತು ಬಾರದಿದ್ದರೂ ಎಷ್ಟೋ ಮಕ್ಕಳಿಗೆ ನಾವು ಆಡುವುದೆಲ್ಲ ತಿಳಿಯುತ್ತದೆ.