ಮಾತ್ರೆ ಟ್ರಾಲಿಯ ಹಿಂದೆ

ಬೆಳಿಗ್ಗೆ ಎಂಟು ಗಂಟೆ. ಬೆಂಗಳೂರಿನ ಆಸ್ಪತ್ರೆಯೊಂದರ ಮನೋರೋಗ ವಾರ್ಡಿಗೆ ಮಾತ್ರೆ ಟ್ರಾಲಿ ತಳ್ಳಿಕೊಂಡು ಸಿಸ್ಟರ್ ಬರುತ್ತಾರೆ. ಕೊರಳಲ್ಲಿ ಸರವಿಲ್ಲ, ಕಿವಿಯಲ್ಲಿ ಜೋತಾಡುವ ಓಲೆಯಿಲ್ಲ. ಯಾರಾದರೂ ಹಿಡಿದೆಳೆಯಬಹುದಾದದ್ದೆಲ್ಲ ಮನೆಯಲ್ಲೇ.

ಕಿಟಕಿ ಪಕ್ಕದ ಹುಡುಗ ಉಪ್ಪಿಟ್ಟಿನ ತಟ್ಟೆ ತಳ್ಳಿದ್ದಾನೆ. “ವಿಷ ಹಾಕಿದ್ದಾರೆ. ಅವರೇ ಹೇಳ್ತಿದ್ದಾರಲ್ಲ, ಕೇಳಿಸ್ತಿಲ್ವಾ?”

“ಎಲ್ಲೋ ವಿಷ? ನಿನ್ ತಲೆ!” ತಾಯಿ ಗದರುತ್ತಾಳೆ.

ಸಿಸ್ಟರ್ ಸ್ಟೂಲು ಎಳೆದುಕೊಂಡು, ಎದುರಿಗಲ್ಲ, ಓರೆಯಾಗಿ, ಕೈಗೆ ಸಿಗದಷ್ಟು ದೂರದಲ್ಲಿ ಕೂರುತ್ತಾರೆ. ಬಾಗಿಲಿನ ದಾರಿ ಅವನಿಗೂ ತೆರೆದಿದೆ, ಅವರಿಗೂ.

“ನನಗೆ ಕೇಳಿಸ್ತಿಲ್ಲಪ್ಪ. ನಿಮಗೆ ಕೇಳಿಸ್ತಿದೆ, ಗೊತ್ತಾಯ್ತು. ತುಂಬಾ ಭಯ ಆಗ್ತಿದೆಯಾ?”

ಉತ್ತರವಿಲ್ಲ. ಅವರೂ ಮತ್ತೆ ಕೇಳುವುದಿಲ್ಲ. ಹೌದೆಂದರೆ ಭ್ರಮೆಗೆ ಸಾಕ್ಷಿ ನುಡಿದಂತೆ. ಸುಳ್ಳೆಂದರೆ ವಿಷ ಹಾಕಿದವರ ಸಾಲಿಗೆ ಅವರೂ ಸೇರಿದಂತೆ. ನೋಡುವವರಿಗೆ ಸುಮ್ಮನೆ ಕೂತ ಹಾಗಿದೆ. ನನ್ನನ್ನು ಕೇಳಿದರೆ, ಇಂಜೆಕ್ಷನ್ ಚುಚ್ಚುವುದು ಇದಕ್ಕಿಂತ ಸುಲಭ.

ಕೊನೆಗೆ ಟ್ರಾಲಿಯಿಂದ ಒಡೆಯದ ಬಿಸ್ಕತ್ತು ಪ್ಯಾಕೆಟ್ ಕೊಡುತ್ತಾರೆ. ಅವನೇ ತಿರುಗಿಸಿ ನೋಡಿ, ಒಡೆದು, ಎರಡು ತಿನ್ನುತ್ತಾನೆ. ಆಮೇಲೆ ಮಾತ್ರೆ, ನೀರು. “ನಾಲಿಗೆ ಎತ್ತಿ.” ನಂಬಿಕೆ ಇದ್ದರೂ ಬಾಯಿ ನೋಡಲೇಬೇಕು.

ರೋಗಿಯ ಜೊತೆಗಿನ ಸಂಬಂಧವೇ ಶುಶ್ರೂಷೆಯ ತಿರುಳೆಂದು ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲೌ 1952ರಲ್ಲೇ ಪುಸ್ತಕ ಬರೆದರು. ಆದರೆ ಇಲ್ಲಿ ಮಂಚದ ಪಕ್ಕ ಗದರುವ ತಾಯಿಯೂ ಇದ್ದಾಳೆ. ಮನೆಯವರನ್ನು ರೋಗಿಯ ಜೊತೆ ಉಳಿಸಿಕೊಳ್ಳುವುದನ್ನು 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಮಾಡಿ ತೋರಿಸಿದ್ದರು. ಹಾಗಾಗಿ ಸಿಸ್ಟರಿಗೆ ವರಾಂಡದಲ್ಲಿ ಇನ್ನೊಂದು ಮಾತುಕತೆ ಕಾದಿದೆ.

“ಯಾರೋ ಮಾಟ ಮಾಡ್ಸವ್ರೆ ಸಿಸ್ಟರ್. ಹರಕೆ ಹೊತ್ತಿದೀನಿ.”

“ಹರಕೆ ತೀರಿಸಿ ಅಮ್ಮ, ಬೇಡ ಅನ್ನಲ್ಲ. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ. ಅವನ ಜೊತೆ ವಾದಕ್ಕೂ ಇಳೀಬೇಡಿ.”

ಆಚೆ ಮೂಲೆಯಲ್ಲಿ ಯಾರೋ ಕೂಗಾಡುತ್ತಾರೆ. ಸಿಬ್ಬಂದಿ ಸಾಲದೆಂಬ ಕಾರಣಕ್ಕೆ ರೋಗಿಯನ್ನು ಕಟ್ಟಿಹಾಕುವಂತಿಲ್ಲ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಸಾಲದ ಸಿಬ್ಬಂದಿಯಲ್ಲೇ ಅದನ್ನು ಪಾಲಿಸಬೇಕಾದವರು ದನಿ ತಗ್ಗಿಸಿ ಅತ್ತ ನಡೆಯುತ್ತಾರೆ. ಕಾಲು ಗಂಟೆ ಹಿಡಿಯುತ್ತದೆ.

ಟ್ರಾಲಿ ಮುಂದಿನ ಮಂಚಕ್ಕೆ. ಹಿರಿಯರೊಬ್ಬರು ನಿನ್ನೆಯ ಪ್ರಶ್ನೆಯನ್ನೇ ಕೇಳುತ್ತಾರೆ: “ನಾಳೆ ಮನೆಗೆ ಕಳಿಸ್ತೀರಲ್ವಾ?”

“ಇನ್ನೂ ತೀರ್ಮಾನ ಆಗಿಲ್ಲ ಸರ್. ಹನ್ನೊಂದಕ್ಕೆ ಡಾಕ್ಟರ್ ರೌಂಡ್ಸ್ ಇದೆ. ನೀವೇ ಕೇಳಿ, ನಾನೂ ಇರ್ತೀನಿ.”