ತರಬೇತಿ ಮುಗಿಯಿತು, ಫಲ ಸಿಕ್ಕಿತೇ?



ಲೆಕ್ಕಪತ್ರ, ಹೊಲಿಗೆ, ಹೈನುಗಾರಿಕೆ ಎಂದು ನಮ್ಮ ಸಂಘಗಳಲ್ಲಿ ತರಬೇತಿಗಳಿಗೇನೂ ಕೊರತೆಯಿಲ್ಲ. ಕೊನೆಯ ದಿನ "ಹೇಗಿತ್ತು?" ಎಂದು ಕೇಳಿದರೆ ಎಲ್ಲರೂ "ತುಂಬಾ ಚೆನ್ನಾಗಿತ್ತು ಸಿಸ್ಟರ್" ಅಂತೀರಿ. ನಾವೂ ಅದನ್ನೇ ವರದಿಯಲ್ಲಿ ಬರೆದು ಸಮಾಧಾನಪಟ್ಟದ್ದುಂಟು. ಆದರೆ ಕೂಲಿ ಬಿಟ್ಟು ಬಂದ ನಿಮ್ಮ ಮೂರು ದಿನಕ್ಕೆ ಫಲ ಸಿಕ್ಕಿತೇ ಎಂಬುದು ಆ ಒಂದು ಮಾತಿನಿಂದ ತಿಳಿಯುವುದಿಲ್ಲ.

ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅವರು ಉದ್ಯೋಗಸ್ಥಳದ ತರಬೇತಿಗಳನ್ನು ಅಳೆಯಲು 1959ರಲ್ಲಿ ನಾಲ್ಕು ಹಂತಗಳನ್ನು ತಿಳಿಸಿದರು. ಅವು ನಮ್ಮ ಸಂಘಕ್ಕೂ ಹೊಂದುತ್ತವೆ. ಲೆಕ್ಕಪತ್ರ ತರಬೇತಿಯನ್ನೇ ತೆಗೆದುಕೊಳ್ಳೋಣ.

1. ಇಷ್ಟವಾಯಿತೇ? ಇದನ್ನು ಕೇಳಬೇಕು, ಆದರೆ ಇಲ್ಲಿಗೇ ನಿಲ್ಲಬಾರದು. ಊಟ ಚೆನ್ನಾಗಿದ್ದರೂ ತರಬೇತಿ ಚೆನ್ನಾಗಿತ್ತು ಅನ್ನುತ್ತೇವೆ!

2. ಕಲಿತೆವೇ? ತರಬೇತಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಒಂದೇ ಬಗೆಯ ಲೆಕ್ಕ ಕೊಡಿ. 5,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ. ಮೊದಲ ತಿಂಗಳು ಅಸಲು 500, ಬಡ್ಡಿ 50, ಒಟ್ಟು 550. ಮುಂದಿನ ತಿಂಗಳ ಬಡ್ಡಿ ಎಷ್ಟು? ಉಳಿದ ಅಸಲು 4,500 ಆದ್ದರಿಂದ 45 ಎಂದು ಹೇಳಿದವಳು ಕಲಿತಿದ್ದಾಳೆ.

3. ಮಾಡುತ್ತಿದ್ದೇವೆಯೇ? ಮೂರು ತಿಂಗಳ ನಂತರ ಪುಸ್ತಕ ತೆರೆದು ನೋಡಿ. ಅಕ್ಷರ ಯಾರದ್ದು? ಇನ್ನೂ ಪ್ರೇರಕಿಯೇ ಬರೆಯುತ್ತಿದ್ದರೆ ಕಲಿತವಳನ್ನು ದೂರಬೇಡಿ. ಒಂದು ಸಂಘದಲ್ಲಿ ನಾವು ವಿಚಾರಿಸಿದಾಗ ಆ ಸದಸ್ಯೆಗೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಪುಸ್ತಕವನ್ನು ಮಾತ್ರ ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ. ತಪ್ಪು ಅವಳದ್ದಲ್ಲ, ಸಂಘದ್ದು ಮತ್ತು ನಮ್ಮದು.

4. ಬದಲಾವಣೆ ಬಂತೇ? ಬ್ಯಾಂಕಿನ ಪಾಸ್‌ಬುಕ್ಕಿಗೂ ಸಂಘದ ಪುಸ್ತಕಕ್ಕೂ ತಾಳೆಯಾಗುತ್ತಿದೆಯೇ? ತನ್ನ ಉಳಿತಾಯ ಎಷ್ಟೆಂದು ಪ್ರತಿ ಸದಸ್ಯೆಗೂ ಗೊತ್ತೇ? ಬಾಕಿ ಕಂತು ಕಡಿಮೆಯಾಯಿತೇ? ಇಲ್ಲೊಂದು ಎಚ್ಚರಿಕೆ. ಕಂತು ಸರಿಯಾಗಿ ಬಂದದ್ದು ಒಳ್ಳೆಯ ಮಳೆ-ಬೆಳೆಯಿಂದಲೂ ಇರಬಹುದು. ಆದ್ದರಿಂದ ಈ ತರಬೇತಿ ಪಡೆಯದ ಪಕ್ಕದ ಸಂಘದೊಂದಿಗೂ ಹೋಲಿಸಿ ನೋಡಿ.

ಫಲ ಕಾಣಲು ಸಮಯ ಬೇಕು. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ನಡೆಯುವ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಕಲಿತು ಹೋದವರನ್ನು ಎರಡು ವರ್ಷದವರೆಗೂ ವಿಚಾರಿಸುತ್ತವೆ. ನಾವು ಮೂರು ತಿಂಗಳಿಗೊಮ್ಮೆಯಾದರೂ ವಿಚಾರಿಸಬಹುದಲ್ಲವೇ?

ಮುಂದಿನ ಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಓದಿ, ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. "ಪ್ರಯೋಜನ ಆಗಲಿಲ್ಲ ಸಿಸ್ಟರ್" ಎಂದು ಬರೆದರೂ ನಮಗೆ ಬೇಸರವಿಲ್ಲ. ಆ ಮಾತಿನಿಂದಲೇ ಮುಂದಿನ ತರಬೇತಿ ಸರಿಯಾಗುವುದು.